ಅಜ್ಜೀಪುರದಲ್ಲಿ ಕಟ್ಟಿದ ಹುತ್ತದ ಮನೆ

೧೯೫೨ರ ಬೇಸಿಗೆಯಲ್ಲಿ ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಕೊಳ್ಳೇಗಾಲ ಆಗ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರಿನದು. ಮೇಲಧಿಕಾರಿಗಳು ನನ್ನನ್ನು ತಮಿಳಿನಲ್ಲಿ ಬೈಯುತ್ತಿದ್ದರು, ರೈತರು ಕನ್ನಡದಲ್ಲಿ ಬೈಯುತ್ತಿದ್ದರು, ನಾನು ಎರಡನ್ನೂ ಕೇಳಿಸಿಕೊಂಡು ಸೈಕಲ್ ತುಳಿಯುತ್ತಿದ್ದೆ. ಹಿಪ್ಪುನೇರಳೆ ಬೆಳೆಯುವ ಬಗೆ, ಹುಳು ಸಾಕುವ ಬಗೆ, ರೋಗ ಗುರುತಿಸುವ ಬಗೆ, ಇವನ್ನು ಹಳ್ಳಿ ಹಳ್ಳಿಗೂ ಹೋಗಿ ತೋರಿಸಿಕೊಡುವುದು ನನ್ನ ಕೆಲಸ. ಜನ ನನ್ನನ್ನು ‘ಹುಳದ ಮೇಷ್ಟ್ರು’ ಎಂದು ಕರೆಯುತ್ತಿದ್ದರು. ಹುದ್ದೆ ಟೆಂಪರರಿ. ಏನಾದರೊಂದು ಕೆಲಸ ಮಾಡಿ ತೋರಿಸಿದರೆ ಕಾಯಂ ಆಗುತ್ತದೆ ಎಂದು ಹೇಳಿದ್ದರು. ಆ ‘ಏನಾದರೊಂದು’ ಎಂಬುದಕ್ಕೆ ನಾನು ಕಾಯುತ್ತಿದ್ದೆ.

ಆಗ ನಮ್ಮ ದೊಡ್ಡ ಶತ್ರು ಬಿಸಿಲು. ರೇಷ್ಮೆ ಹುಳುವಿಗೆ ತಂಪು ಬೇಕು, ತೇವ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ ಬೇಕು. ನಾಲ್ಕು ಸಲ ಪೊರೆ ಬಿಟ್ಟ ಮೇಲೆ, ಅಂದರೆ ರೈತರು ಹೇಳುವ ‘ನಾಲ್ಕನೇ ಜ್ವರ’ ಎದ್ದ ಮೇಲೆ, ಹುಳು ಹಗಲಿರುಳೂ ಸೊಪ್ಪು ತಿನ್ನುತ್ತದೆ. ಆ ಹೊತ್ತಿನಲ್ಲಿ ಸಾವಿರಾರು ಹುಳುಗಳ ಉಸಿರು, ಹಿಕ್ಕೆ, ಉಳಿದ ಸೊಪ್ಪಿನ ಹಬೆ ಎಲ್ಲ ಸೇರಿ ಮನೆ ಬೇಯತೊಡಗುತ್ತದೆ. ನಮ್ಮ ರೈತರ ಹುಳುಮನೆಗಳಿಗೋ ಒಂದು ಬಾಗಿಲು ಬಿಟ್ಟರೆ ಕಿಟಕಿ ಇರುತ್ತಿರಲಿಲ್ಲ. ಕಿಟಕಿಯಿದ್ದರೆ ದಾರಿಹೋಕರ ದೃಷ್ಟಿ ತಾಕುತ್ತದೆ ಎಂಬ ಭಯ. ಬೇಸಿಗೆ ಬಂತೆಂದರೆ ಹುಳುವಿಗೆ ಸಪ್ಪೆರೋಗ. ತಿನ್ನುವುದನ್ನು ಬಿಟ್ಟು ಮೆತ್ತಗಾಗಿ, ತಟ್ಟೆಯಲ್ಲೇ ಕರಗಿ ನಾರುತ್ತವೆ. ಅದರ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮೂರು ದಿನ ಅನ್ನ ಸೇರುವುದಿಲ್ಲ.

ಕಿಟಕಿ ಇಡಿ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಹಾಗಿರುವಾಗ ಆ ವರ್ಷ ಹನೂರಿನಿಂದ ಮಾದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯನ್ನು ಅಗಲ ಮಾಡುವ ಕೆಲಸ ನಡೆಯಿತು. ಅಜ್ಜೀಪುರದ ಹತ್ತಿರ ರಸ್ತೆಗೆ ಅಡ್ಡವಾಗಿ ಆಳೆತ್ತರದ ಒಂದು ಹುತ್ತ. ಊರಿನ ಕೂಲಿಯವರು ಅದಕ್ಕೆ ಹಾರೆ ಹಾಕುವುದಿಲ್ಲ ಎಂದು ಕೂತುಬಿಟ್ಟರು. ಕಂಟ್ರಾಕ್ಟರು ಬೇರೆ ಕಡೆಯಿಂದ ಆಳು ತರಿಸಿ ಅದರ ಅರ್ಧವನ್ನು ಕಡಿಸಿದ. ನಾನು ಸೈಕಲ್ ನಿಲ್ಲಿಸಿ ನೋಡಿದೆ. ಒಳಗೆ ಮನೆಯೇ ಇತ್ತು. ಕೆಳಗಿನ ತೇವದ ಮಣ್ಣಿನಿಂದ ಹೊರಟ ಸಣ್ಣ ಸಣ್ಣ ದಾರಿಗಳು, ಅವೆಲ್ಲ ಹೋಗಿ ಸೇರುವ ಒಂದು ದೊಡ್ಡ ಕೊಳವೆ, ಅದು ನೇರ ಮೇಲಕ್ಕೆ ಬಾಯಿ ತೆರೆದುಕೊಂಡಿತ್ತು. ಕೂಲಿಯವನೊಬ್ಬನ ಬೀಡಿ ಇಸಿದುಕೊಂಡು, ಕಡಿಯದೆ ಉಳಿದಿದ್ದ ಕಡೆ ಬುಡದ ತೂತಿನ ಹತ್ತಿರ ಹಿಡಿದೆ. ಹೊಗೆ ಒಳಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಮೇಲಿನ ಬಾಯಿಂದ ಎಳೆಯಾಗಿ ಹೊರಬಂತು. ನನ್ನ ಚೀಲದಲ್ಲಿ ಥರ್ಮಾಮೀಟರ್ ಇತ್ತು. ದಾರ ಕಟ್ಟಿ ಇಳಿಬಿಟ್ಟೆ. ಹೊರಗೆ ತೊಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಸುಡುತ್ತಿದ್ದರೆ ಒಳಗೆ ಎಂಬತ್ನಾಲ್ಕು.

ಗೆದ್ದಲಿಗೆ ಕಿಟಕಿ ಇಲ್ಲ, ಆದರೂ ಮನೆ ಉಸಿರಾಡುತ್ತದೆ. ಮೇಲಿನ ಬಿಸಿಗಾಳಿ ಹಗುರಾಗಿ ಏರಿ ಹೊರಗೆ ಹೋದ ಹಾಗೆ ಬುಡದಿಂದ ತೇವದ ಗಾಳಿ ತಾನಾಗಿ ಒಳಗೆ ಬರುತ್ತದೆ. ಫ್ಯಾನೂ ಬೇಡ, ಕರೆಂಟೂ ಬೇಡ. ಕರೆಂಟು ಹೇಗೂ ಅಜ್ಜೀಪುರಕ್ಕೆ ಬಂದಿರಲಿಲ್ಲ. ನನಗೆ ಆವತ್ತು ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ ಎಂದು ನನ್ನ ಹೆಂಡತಿಯ ಎದುರಿಗೇ ಹೇಳಿ ಬೈಸಿಕೊಂಡಿದ್ದೇನೆ.

ಮನೆ ಕಟ್ಟಲು ಜಾಗ ಕೊಟ್ಟವನು ಅಜ್ಜೀಪುರದ ಗುರುಮಲ್ಲಪ್ಪ. ನನ್ನ ವಯಸ್ಸಿನವನೇ, ಹೊಲ ತೋಟ ಇದ್ದ ರೈತ, ಊರಿನಲ್ಲಿ ಅವನ ಮಾತು ನಡೆಯುತ್ತಿತ್ತು. ನನಗೂ ಅವನಿಗೂ ಇದ್ದದ್ದು ಬರೀ ಇಲಾಖೆಯ ಪರಿಚಯವಲ್ಲ. ಹಿಂದಿನ ವರ್ಷ ಮಲೇರಿಯಾ ಬಂದು ನಾನು ಅವನ ಜಗುಲಿಯಲ್ಲೇ ಬಿದ್ದಾಗ, ತನ್ನ ಗಾಡಿ ಕಟ್ಟಿ, ಹುಲ್ಲು ಹಾಸಿ, ಹನೂರಿನ ಡಾಕ್ಟರ ತನಕ ಕರೆದುಕೊಂಡು ಹೋದವನು ಅವನು. ಅವನ ತಾಯಿ ಚಿಕ್ಕತಾಯಮ್ಮ ನನಗೆ ಗಂಜಿ ಕುಡಿಸಿದ್ದಳು. ನಾನು ಅವಳನ್ನು ‘ಅವ್ವ’ ಎಂದೇ ಕರೆಯುತ್ತಿದ್ದೆ.

ನಕ್ಷೆಯನ್ನು ಅವನ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀರಿ ತೋರಿಸಿದೆ. ಬಹಳ ಹೊತ್ತು ನೋಡಿದ. ಆಮೇಲೆ ನಕ್ಕ.

“ಅಲ್ಲ ಮೇಷ್ಟ್ರೇ, ಇಷ್ಟ್ ದಿನ ಉಳದ ಮೇಷ್ಟ್ರಾಗಿದ್ರಿ, ಈಗ ಗೆದ್ದಲ ಮೇಷ್ಟ್ರಾಗ್ಬುಟ್ರಾ?”

“ನಗಬೇಡಿ. ಇದು ಕೆಟ್ಟರೆ ನನ್ನ ಕೆಲಸ ಹೋಗುತ್ತೆ.”

“ಯಾಕ್ ಓದದು? ಕಟ್ಟವ ಬುಡಿ. ಎದ್ರೆ ಇಬ್ರೂ ಏಳವ, ಬಿದ್ರೆ ಇಬ್ರೂ ಒಟ್ಗೇ ಬೀಳವ.”

ಈ ಮಾತನ್ನು ನಾನು ಮರೆತಿಲ್ಲ. ಅವನು ಮರೆತ.

ಇಲಾಖೆ ಒಂದು ಮನೆಗೆ ಮಾತ್ರ, ಪ್ರಯೋಗ ಎಂಬ ಹೆಸರಿನಲ್ಲಿ, ಒಪ್ಪಿಗೆ ಕೊಟ್ಟಿತು. ಗುರುಮಲ್ಲಪ್ಪನದೂ ಸೇರಿ ಊರಿನ ಐದು ಮನೆಯವರು ಒಟ್ಟಾಗಿ ಅದರಲ್ಲಿ ಹುಳು ಮೇಯಿಸುವುದು ಎಂದಾಯಿತು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಎದ್ದಿತು. ಬುಡದಲ್ಲಿ, ಹೊರಗಿನಿಂದ ನೆಲದೊಳಕ್ಕೆ ಇಳಿಜಾರಾಗಿ, ಕುಂಬಾರನಿಂದ ಮಾಡಿಸಿದ ಸುಟ್ಟ ಮಣ್ಣಿನ ಕೊಳವೆಗಳನ್ನು ಹೂಳಿದೆವು. ಅವು ಮನೆಯೊಳಗೆ ಬಾಯಿ ತೆರೆಯುವ, ನೆಲದ ಕೆಳಗಿನ ಒಂದು ಕಾಲುವೆಗೆ ಸೇರುತ್ತಿದ್ದವು. ಕಾಲುವೆಯಲ್ಲಿ ಮರಳು ಹಾಸಿ ದಿನಕ್ಕೊಂದು ಸಲ ನೀರು ಚಿಮುಕಿಸಬೇಕು. ಮೇಲುಗಡೆ, ಸೂರಿನ ನಡುವಿನಿಂದ, ಮಣ್ಣಿನದೇ ಚಿಮಣಿ. ಬಿಸಿಲು ಹೀರಿ ಬಿಸಿಯಾಗಲಿ ಎಂದು ಅದಕ್ಕೆ ಟಾರು ಬಳಿಸಿದೆ. ಮನೆ ಮುಗಿದಾಗ ಊರಿನ ಹುಡುಗರಿಂದ ಮುದುಕರ ತನಕ ಎಲ್ಲರೂ ಬಂದು ನೋಡಿ ಒಂದೇ ಹೆಸರಿಟ್ಟರು: ಹುತ್ತದ ಮನೆ.

ಮೊದಲ ಬೆಳೆ ಮೇ ತಿಂಗಳಲ್ಲಿ. ಊರಿನ ಉಳಿದ ಹುಳುಮನೆಗಳಲ್ಲಿ ಸಪ್ಪೆರೋಗ ಬಂದು ತಟ್ಟೆಗಟ್ಟಲೆ ಹುಳು ತಿಪ್ಪೆಗೆ ಹೋಯಿತು. ನಮ್ಮ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳು ಮಳೆ ಬಂದ ಹಾಗೆ ಸದ್ದು ಮಾಡುತ್ತಾ ಸೊಪ್ಪು ತಿಂದಿತು, ಹಣ್ಣಾಯಿತು, ಬಿದಿರಿನ ಚಂದ್ರಿಕೆ ಏರಿತು, ಗಟ್ಟಿ ಗೂಡು ಕಟ್ಟಿತು. ಚಿಕ್ಕತಾಯಮ್ಮ ಒಂದು ಗೂಡನ್ನು ಕಣ್ಣಿಗೊತ್ತಿಕೊಂಡು, “ಮಾದಪ್ಪ ನಿಮ್ಮ ಕೈಲಿ ಬಂದವ್ನೆ ಕಣಪ್ಪ” ಎಂದಳು. ನಾನು ನನ್ನ ಕೈಯನ್ನು ನೋಡಿಕೊಂಡು ಉಬ್ಬಿದೆ. ಇಲಾಖೆಯಿಂದ ಶಹಭಾಸ್ ಬಂತು. ಶ್ರಾವಣದ ಬೆಳೆಯೂ ಹೀಗೇ ಬಂದರೆ ತಾಲ್ಲೂಕಿನಲ್ಲಿ ಇನ್ನೂ ಹಲವು ಮನೆ ಕಟ್ಟಿಸುವುದು, ನನ್ನನ್ನು ಕಾಯಂ ಮಾಡುವುದು ಎಂದು ಮಾತಾಯಿತು.

ಎರಡನೇ ಬೆಳೆಗೆ ಐದೂ ಮನೆಯವರು ಹೆಚ್ಚು ಹುಳು ತಂದು ತುಂಬಿದರು. ಮನೆಗೆ ಅಷ್ಟು ಹುಳುವಿಗೆ ಗಾಳಿ ಕೊಡುವ ಶಕ್ತಿ ಇತ್ತು, ನಾನೇ ಲೆಕ್ಕ ಹಾಕಿ ಒಪ್ಪಿದ್ದೆ. ಹುಳು ಮೂರನೇ ಜ್ವರದಲ್ಲಿದ್ದಾಗ ನನ್ನನ್ನು ಕೊಳ್ಳೇಗಾಲದ ಕಚೇರಿ ಕೆಲಸಕ್ಕೆ ಕರೆಸಿಕೊಂಡರು. ತಿರುಗಿ ಅಜ್ಜೀಪುರಕ್ಕೆ ಹೋದದ್ದು ನಾಗರ ಪಂಚಮಿ ಕಳೆದ ಮೇಲೆ. ಗುರುಮಲ್ಲಪ್ಪ ಹುಳುಮನೆಯ ಮುಂದೆ ಅಡ್ಡ ನಿಂತ.

“ಈಗ ಒಳೀಕ್ ಬ್ಯಾಡಿ ಮೇಷ್ಟ್ರೇ. ಉಳ ಊಟಕ್ ಕುಂತವೆ. ಒರಗಿನೋರ ನೆಳ್ಳು ಬೀಳ್ಬಾರ್ದು.”

“ನಾನು ಹೊರಗಿನವನೇ?”

“ಅಂಗಲ್ಲ ಸಾ. ಅವ್ವ ಒಪ್ಪಕ್ಕಿಲ್ಲ.”

ಅವನು ನನ್ನನ್ನು ‘ಸಾ’ ಎಂದದ್ದು ಅದೇ ಮೊದಲು. ನನಗೆ ಚುರುಕ್ಕೆಂದಿತು. ಆದರೆ ಹುಳು ಊಟಕ್ಕೆ ಕುಂತಾಗ, ಅಂದರೆ ನಾಲ್ಕನೇ ಜ್ವರ ಎದ್ದು ಹಗಲಿರುಳೂ ತಿನ್ನುವಾಗ, ಬೇರೆಯವರನ್ನು ಬಿಡದಿರುವುದು ಆ ಸೀಮೆಯ ಪದ್ಧತಿ. ಪದ್ಧತಿಗೆ ಎದುರು ಹೋಗಿ ನಾನು ಎಂದೂ ಗೆದ್ದವನಲ್ಲ. ಅವನ ಮೇಲಿನ ನಂಬಿಕೆಯಿಂದ ಹಿಂದಕ್ಕೆ ಬಂದೆ.

ನಾಲ್ಕೈದು ದಿನದಲ್ಲಿ ಸುದ್ದಿ ಬಂತು. ಹೋದಾಗ ರಸ್ತೆಗೇ ವಾಸನೆ ಹೊಡೆಯುತ್ತಿತ್ತು. ಈ ಸಲ ನನ್ನನ್ನು ಯಾರೂ ತಡೆಯಲಿಲ್ಲ. ಒಳಗೆ ತಟ್ಟೆ ತಟ್ಟೆಯಲ್ಲೂ ಹುಳು ಕಪ್ಪಾಗಿ ಕರಗಿತ್ತು. ಗಾಳಿ ಅಲುಗದೆ ನಿಂತಿತ್ತು. ಕಡ್ಡಿ ಗೀರಿ ನೆಲದ ಕಾಲುವೆಯ ಬಾಯಿಗೆ ಹಿಡಿದೆ. ಜ್ವಾಲೆ ಬಾಗಲೇ ಇಲ್ಲ. ಹೊರಗೆ ಬಂದು ಒಂದು ಬಿದಿರು ಕಡ್ಡಿಯನ್ನು ಬುಡದ ಕೊಳವೆಗೆ ತೂರಿ ಎಳೆದೆ. ಬಂದದ್ದು ಹುಳಿತ ಹಾಲಿನಲ್ಲಿ ನೆನೆದ ತಂಬಿಟ್ಟು, ಚಿಗಳಿ ಉಂಡೆ, ಕೊಳೆತ ಕಣಗಿಲೆ ಹೂವು, ಅರಿಸಿನದ ರಾಡಿ. ಎರಡನೇ ಕೊಳವೆಯಲ್ಲೂ ಅದೇ. ಮೂರನೆಯದರಲ್ಲೂ ಅದೇ.

ಹುತ್ತಕ್ಕೆ ತನಿ ಎರೆದಿದ್ದರು.

ಮೊದಲ ಬೆಳೆ ಚೆನ್ನಾಗಿ ಬಂದ ಮೇಲೆ ಚಿಕ್ಕತಾಯಮ್ಮ ಸೋಮವಾರ ಸೋಮವಾರ ಒಂದು ಕೊಳವೆಗೆ ಹಾಲು ಎರೆಯತೊಡಗಿದ್ದಳಂತೆ. ಬುಡದಲ್ಲಿ ತೂತು, ಮೇಲೆ ಬಾಯಿ, ಮಣ್ಣಿನ ಮೈ. ಹುತ್ತಕ್ಕೆ ಇರಬೇಕಾದದ್ದೆಲ್ಲ ಅದಕ್ಕಿತ್ತು, ನಾಗಪ್ಪನೊಬ್ಬ ಬಂದು ಸೇರಬೇಕಿತ್ತು ಅಷ್ಟೆ. ಅವಳನ್ನು ನೋಡಿ ಐದೂ ಮನೆಯ ಹೆಂಗಸರು, ಪಂಚಮಿಯ ಹೊತ್ತಿಗೆ ಇಡೀ ಊರು. ಬೇರೆ ಹಳ್ಳಿಯಿಂದಲೂ ಬಂದರಂತೆ. ‘ಗುರುಮಲ್ಲಪ್ಪನೋರ ಉತ್ತ’ ಎಂದು ಹೆಸರಾಯಿತಂತೆ. ನಾನು ನೋಡಿದರೆ ಬೇಡ ಎನ್ನುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಅಡ್ಡ ನಿಂತಿದ್ದ. ಇದನ್ನೆಲ್ಲ ಅವನೇ, ತಲೆ ಬಗ್ಗಿಸಿಕೊಂಡು, ಆ ಸಂಜೆ ನನಗೆ ಹೇಳಿದ.

ನನಗೆ ಆ ಹೆಂಗಸರ ಮೇಲೆ ಸಿಟ್ಟು ಬರಲಿಲ್ಲ. ಅವರು ತಮ್ಮ ಮಕ್ಕಳ ಬಾಯಿಗೆ ಹೋಗಬೇಕಾದ ಹಾಲನ್ನು ತಂದು ನಾನು ಕಟ್ಟಿದ ಗೋಡೆಗೆ ಎರೆದಿದ್ದರು. ನಾನು ಗುರುಮಲ್ಲಪ್ಪನಿಗೆ ಹೇಳಿದೆ: “ನಾಳೆ ಕೊಯಮತ್ತೂರಿನಿಂದ ಅಧಿಕಾರಿ ವಿಚಾರಣೆಗೆ ಬರುತ್ತಾರೆ. ಅವ್ವನ ಹೆಸರು ಎತ್ತಬೇಡಿ. ಕೊಳವೆ ಕಟ್ಟಿಕೊಂಡಿತ್ತು, ಅದಕ್ಕೇ ಹುಳು ಸತ್ತಿತು ಎಂದಷ್ಟು ನೀವು ಹೇಳಿದರೆ ಸಾಕು. ಮನೆಯ ತಪ್ಪಿಲ್ಲ ಎಂದಾಗುತ್ತದೆ.”

“ಏಳ್ತೀನಿ ಬುಡಿ ಮೇಷ್ಟ್ರೇ. ನಾನಿಲ್ವಾ?”

ಅವನ ಮಾತು ನಂಬಿ ಹನೂರಿಗೆ ಹೋಗಿ ಮಲಗಿದೆ. ಕೊಳವೆಯಿಂದ ಎಳೆದದ್ದನ್ನು ಒಂದು ಮುಷ್ಟಿಯಷ್ಟಾದರೂ ಕಟ್ಟಿಟ್ಟುಕೊಳ್ಳಬೇಕು ಎಂದು ನನಗೆ ತೋಚಲಿಲ್ಲ. ಸ್ನೇಹಿತನ ಮಾತಿಗೆ ಯಾರಾದರೂ ಸಾಕ್ಷಿ ಕಟ್ಟಿಡುತ್ತಾರೆಯೇ?

ಮಾರನೆಯ ಬೆಳಗ್ಗೆ ಅಧಿಕಾರಿ ಜೀಪಿನಲ್ಲಿ ಬಂದರು. ಐದು ಮನೆಯ ಯಜಮಾನರು ಹುತ್ತದ ಮನೆಯ ಮುಂದೆ ಸಾಲಾಗಿ ನಿಂತಿದ್ದರು. ಹಿಂದೆ ಹೆಂಗಸರು. ಚಿಕ್ಕತಾಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಗೋಡೆಗೆ ಒರಗಿದ್ದಳು. ಅಧಿಕಾರಿ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ನೇರವಾಗಿ ಗುರುಮಲ್ಲಪ್ಪನನ್ನು ಕೇಳಿದರು: “ಏನಾಯಿತು, ನೀವೇ ಹೇಳಿ.”

ಅವನು ನನ್ನ ಕಡೆ ನೋಡಲಿಲ್ಲ.

“ನಾವು ಆವತ್ತೇ ಬ್ಯಾಡ ಅಂದ್ವಿ ಸಾ. ಉಳದ ಮನೆಗೆ ತೂತು ಬ್ಯಾಡ, ಉತ್ತ ಇದ್ದಂಗೆ ಮನೆ ಕಟ್ಬಾರ್ದು ಅಂದ್ವಿ. ಮೇಷ್ಟ್ರು ಕೇಳ್ನಿಲ್ಲ. ತೂತಲ್ಲಿ ಶೀತ ನುಗ್ತು, ಉಳ ಸತ್ತೋಯ್ತು.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಸಾರ್, ಕೊಳವೆಗಳು ಕಟ್ಟಿಕೊಂಡಿವೆ. ದಯವಿಟ್ಟು ಒಳಗೆ ನೋಡಿ,” ಎಂದೆ. ಅಧಿಕಾರಿ ಬಗ್ಗಿ ಟಾರ್ಚು ಬಿಟ್ಟರು. ನಾನೂ ಬಗ್ಗಿದೆ. ಕೊಳವೆಗಳು ತೊಳೆದಿಟ್ಟ ಮಡಕೆಯ ಹಾಗೆ ಥಳಥಳ ಎನ್ನುತ್ತಿದ್ದವು. ಬುಡದ ಮಣ್ಣು ಇನ್ನೂ ಒದ್ದೆಯಿತ್ತು. ರಾತ್ರಿ ಮಳೆ ಬಿದ್ದಿರಲಿಲ್ಲ.

“ಸಾರ್, ನಿನ್ನೆ ಇದರಲ್ಲಿ ಹಾಲು, ತಂಬಿಟ್ಟು ತುಂಬಿತ್ತು. ಜನ ಪೂಜೆ ಮಾಡಿದ್ದಾರೆ.”

ಅಧಿಕಾರಿ ನಕ್ಕರು. “ಪೂಜೆ? ನಿಮ್ಮ ಮನೆಗೆ?” ಆಮೇಲೆ ಸಾಲಿನ ಕಡೆ ತಿರುಗಿದರು. “ಯಾರಾದರೂ ಹಾಲು ಹಾಕಿದ್ದೀರಾ?”

ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರ ಮನೆಯಲ್ಲೂ ನಾನು ಉಂಡಿದ್ದೆ. ಎಲ್ಲರೂ ನೆಲ ನೋಡಿದರು. ಅಧಿಕಾರಿ ಗುರುಮಲ್ಲಪ್ಪನನ್ನು ಮತ್ತೆ ಕೇಳಿದರು. ಅವನು ಬೆಟ್ಟದ ದಿಕ್ಕಿಗೆ ಕೈ ಎತ್ತಿ ಮುಗಿದು, “ಮಾದಪ್ಪನಾಣೆಗೂ ಇಲ್ಲ ಸಾ,” ಎಂದ.

ಅವನು ಯಾಕೆ ಹಾಗೆ ಮಾಡಿದ ಎಂಬುದು ನನಗೆ ಆ ಕ್ಷಣವೇ ತಿಳಿಯಿತು. ಐದು ಮನೆಯ ಹುಳು ಸತ್ತದ್ದು ತನ್ನ ತಾಯಿ ಎರೆದ ಹಾಲಿನಿಂದ ಎಂದು ಊರ ಮುಂದೆ ಆಗಬಾರದು. ತಿಳಿಯಿತು, ಆದರೆ ನೋವು ಕಡಿಮೆಯಾಗಲಿಲ್ಲ. ನಾನು ಅವ್ವನ ಹೆಸರನ್ನು ಉಳಿಸುತ್ತೇನೆ ಎಂದು ಹಿಂದಿನ ದಿನವೇ ಮಾತು ಕೊಟ್ಟಿದ್ದೆ. ಅವನಿಗೆ ಅದು ಸಾಲಲಿಲ್ಲ. ಯಾರಾದರೂ ಒಬ್ಬರು ಬೀಳಲೇಬೇಕಿತ್ತು, ನಾನು ಹೊರಗಿನವನು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಆವತ್ತು ಅದರ ಹಲ್ಲು ತಾಕಿತು.

ವಿಚಾರಣೆ ಅಷ್ಟಕ್ಕೇ ಮುಗಿಯಿತು. ‘ಅವೈಜ್ಞಾನಿಕ ವಿನ್ಯಾಸ’ ಎಂದು ಬರೆದರು. ಕೊಳವೆಗಳಿಗೆ ಗಾರೆ ಹಾಕಿ ಮುಚ್ಚಿಸಿದರು. ಕಾಯಂ ಆಗುವ ಮಾತು ನಿಂತಿತು. ನನ್ನನ್ನು ತಾಳವಾಡಿಗೆ ವರ್ಗ ಮಾಡಿದರು. ಹೊರಡುವ ದಿನ ಗುರುಮಲ್ಲಪ್ಪ ಬರಲಿಲ್ಲ. ಬರುತ್ತಾನೇನೋ ಎಂದು ಕೊಳ್ಳೇಗಾಲದ ಬಸ್ಸಿನ ಹತ್ತಿರ ನಾನು ಸುತ್ತಮುತ್ತ ನೋಡಿದ್ದು ನಿಜ. ಒಂದು ಮಾತು, ತಪ್ಪಾಯಿತು ಎಂದೂ ಬೇಡ, ಬರೀ ‘ಓಗ್ಬುಟ್ಟು ಬನ್ನಿ’ ಎಂದಿದ್ದರೂ ನಾನು ಕರಗಿಬಿಡುತ್ತಿದ್ದೆ.

ಮನೆಯ ವಿನ್ಯಾಸ ಸರಿಯಿತ್ತು ಎಂಬ ಹಟ ನನ್ನನ್ನು ಬಿಡಲಿಲ್ಲ. ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ ನನ್ನ ಹೆಂಡತಿಯ ಅಣ್ಣ ಒಂದಿಷ್ಟು ಹಿಪ್ಪುನೇರಳೆ ಬೆಳೆದಿದ್ದರು. ಅದು ಬೇರೆ ರಾಜ್ಯ, ನಮ್ಮ ಇಲಾಖೆಯ ಗಾರೆ ಅಲ್ಲಿಗೆ ಬರುತ್ತಿರಲಿಲ್ಲ. ರಜೆಯಲ್ಲಿ ಹೋಗಿ ಅಲ್ಲೊಂದು ಹುಳುಮನೆ ಕಟ್ಟಿಸಿದೆ. ಈ ಸಲ ಬುಡದ ಕೊಳವೆಗಳ ಬಾಯಿ ಜಗುಲಿಯ ಕೆಳಗೆ, ಕಲ್ಲಿನ ಜಾಲರಿಯ ಹಿಂದೆ. ಮೇಲಿನ ಚಿಮಣಿಯನ್ನು ಹೆಂಚಿನ ಸೂರಿನೊಳಗೇ ಅಡಗಿಸಿದೆ. ನೋಡಿದವರಿಗೆ ಅದು ಬರೀ ಮನೆ. ಕೈ ಮುಗಿಯಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಎರಡು ಬೇಸಿಗೆಯ ಬೆಳೆ ಚೆನ್ನಾಗಿ ಬಂತು.

ಅಲ್ಲಿ ಕೂತು ಯೋಚಿಸುವಾಗ ಒಂದು ಸಂಗತಿ ಹೊಳೆಯಿತು. ಹುತ್ತದ ಒಂದು ತೂತನ್ನು ನೀವು ಸಂಜೆ ಮುಚ್ಚಿ ನೋಡಿ, ಬೆಳಗಾಗುವುದರಲ್ಲಿ ಗೆದ್ದಲು ಅದನ್ನು ಸರಿಮಾಡಿರುತ್ತದೆ. ಯಾಕೆಂದರೆ ಅಲ್ಲಿ ಉಸಿರಾಡುವವರೇ ರಿಪೇರಿ ಮಾಡುವವರು. ಅಜ್ಜೀಪುರದಲ್ಲಿ ಉಸಿರಾಡಿದ್ದು ಹುಳು, ಕೈಯಿದ್ದದ್ದು ಮನುಷ್ಯರಿಗೆ. ಪ್ರಕೃತಿಯನ್ನು ನೋಡಿ ಯಂತ್ರ ಕಟ್ಟುವವರು, ಮನೆ ಕಟ್ಟುವವರು ಈಗ ಬಹಳ ಮಂದಿ ಇದ್ದಾರೆ. ಅವರಿಗೆ ನಾನು ಹೇಳುವುದಿಷ್ಟೆ: ಆಕಾರವನ್ನು ಗೆದ್ದಲಿನಿಂದ ಕಲಿಯಬಹುದು, ಆದರೆ ಆ ಆಕಾರವನ್ನು ದಿನಾ ಕಾಯುವವರು ಯಾರು ಎಂಬುದನ್ನು ಮೊದಲು ಕೇಳಿಕೊಳ್ಳಿ. ನನ್ನ ಕೆಲಸ ನನಗೆ ಕಲಿಸಿದ ಪಾಠ ಇದು. ಇನ್ನೊಂದನ್ನು ಅಜ್ಜೀಪುರದ ಆ ಮನೆಯ ಮುಂದೆಯೇ ಕಲಿತೆ.

೧೯೫೫ರಲ್ಲಿ ನಾನು ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿದ್ದಾಗ ಅಜ್ಜೀಪುರದಲ್ಲಿ ಇಂಜಿನ್ ಬಿಸಿಯಾಗಿ ನಿಂತಿತು. ನೀರು ಹಾಕಿ ಆರುವ ತನಕ ಎಲ್ಲರೂ ಇಳಿದೆವು. ಹುತ್ತದ ಮನೆ ಹಾಗೇ ಇತ್ತು. ಹುಳು ಇರಲಿಲ್ಲ, ಹುಲ್ಲು ತುಂಬಿದ್ದರು. ಗಾರೆ ಹಾಕಿದ ಕೊಳವೆಗಳ ಮೇಲೆ ಅರಿಸಿನ ಕುಂಕುಮ ಹೊಸದಾಗಿತ್ತು.

“ಯಾರು, ಮೇಷ್ಟ್ರಾ?” ಚಿಕ್ಕತಾಯಮ್ಮ ಕೋಲೂರಿಕೊಂಡು ಬಂದಳು. ಕಣ್ಣು ಮಂಜಾಗಿತ್ತು. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಜಗುಲಿಯಲ್ಲಿ ಕೂರಿಸಿದಳು. ಒಳಗಿನಿಂದ ಗುರುಮಲ್ಲಪ್ಪ ನೀರಿನ ಚೊಂಬು ತಂದು ನನ್ನ ಮುಂದಿಟ್ಟು, ಬಾಗಿಲ ಹತ್ತಿರ ನಿಂತ. ನಾನು ಚೊಂಬನ್ನು ಮುಟ್ಟಲಿಲ್ಲ.

“ಅಲ್ಲ ಕಣಪ್ಪ, ನಿನ್ನ ಎಸ್ರಲ್ಲೂ ನಾನು ತನಿ ಎರ್ದಿದ್ದೆ. ಮೇಷ್ಟ್ರಿಗೆ ಕೆಲ್ಸ ಗಟ್ಟಿಯಾಗ್ಲಿ ಅಂತ ಅರಕೆ ಒತ್ತಿದ್ದೆ. ಪ್ರತಿ ಸ್ವಾಮ್ವಾರ. ಆದ್ರೂ ಉಳ ಯಾಕ್ ಸತ್ತೋಯ್ತು? ನಮ್ಮ ಗುರುಮಲ್ಲ ಏಳ್ತಾನೆ, ಮೇಷ್ಟ್ರು ಇಟ್ಟ ತೂತಿಂದ ಅಂತ. ಊರಲ್ಲಿ ಕೆಲವ್ರು ಇನ್ನೇನೋ ಗುಸುಗುಸು ಅಂತಾರೆ, ನಂಗೆ ಯಾರೂ ಬುಡ್ಸಿ ಏಳಕ್ಕಿಲ್ಲ. ನೀನೇ ಏಳು ಮಗಾ. ನಿಜ್ವಾಗೂ ತೂತಿಂದ್ಲೇನಾ?”

ನಾನು ಬಾಗಿಲ ಕಡೆ ನೋಡಿದೆ. ಗುರುಮಲ್ಲಪ್ಪ ಆ ಮೂರು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟ. ಅವನ ಮುಖ ಬಿಳಿಚಿಕೊಂಡಿತ್ತು. ಅವನನ್ನು ಬೀಳಿಸಲು ಒಂದು ಮಾತು ಸಾಕಿತ್ತು, ಆ ಮಾತು ನನ್ನ ನಾಲಿಗೆಯ ತುದಿಯಲ್ಲಿ ಮೂರು ವರ್ಷದಿಂದ ಕೂತಿತ್ತು. ಆದರೆ ಅದು ಅವನ ತನಕ ಹೋಗಬೇಕಾದರೆ ಈ ಮುದುಕಿಯ ಎದೆಯ ಮೂಲಕವೇ ಹೋಗಬೇಕು.

“ಹೌದವ್ವ,” ಎಂದೆ. “ನನ್ನ ತೂತಿನಿಂದಲೇ.”

ಅವಳು ನನ್ನ ತಲೆ ಸವರಿದಳು. “ಓಗ್ಲಿ ಬುಡು. ಗೊತ್ತಿಲ್ದೆ ಮಾಡ್ದೆ. ದ್ಯಾವ್ರು ನಿನ್ನ ಮನ್ನಿಸ್ಲಿ.” ಒಳಗೆ ಹೋಗಿ ತಾನೇ ಒಂದು ಲೋಟ ಹಾಲು ತಂದು ಕೊಟ್ಟಳು. ಕುಡಿದೆ.

ಗುರುಮಲ್ಲಪ್ಪ ಬಸ್ಸಿನ ತನಕ ನನ್ನ ಹಿಂದೆಯೇ ಬಂದ. ಕಣ್ಣು ತುಂಬಿಕೊಂಡಿದ್ದ. “ಮೇಷ್ಟ್ರೇ,” ಎಂದು ಏನೋ ಹೇಳಲು ಬಾಯಿ ತೆರೆದ. ನಾನು ಅವನಿಗಾಗಿ ಸುಳ್ಳು ಹೇಳಿದ್ದೆ ಎಂದು ಅವನು ತಿಳಿದಿದ್ದ. ಅದು ಅವನಿಗಾಗಿ ಅಲ್ಲ. ತಾಯಿ ಮನ್ನಿಸಿದ್ದು ನಾನು ಮಾಡದ ತಪ್ಪನ್ನು. ಮಗ ಮಾಡಿದ ತಪ್ಪನ್ನು ಮನ್ನಿಸಲು ನನ್ನಿಂದ ಆಗಲಿಲ್ಲ. ಇವತ್ತಿಗೂ ಆಗಿಲ್ಲ. ನಾನು ಬಸ್ಸು ಹತ್ತಿ ಆಚೆ ಕಡೆಯ ಕಿಟಕಿಯ ಪಕ್ಕ ಕೂತೆ.